ಪ್ರಯೋಗಾಲಯದ ಮಹಜರು

ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ರೆಕಾರ್ಡ್ ಪುಸ್ತಕದಲ್ಲಿ ಪರ್ಮಾಂಗನೇಟ್ ಟೈಟ್ರೇಶನ್ ಪುಟ ತೆರೆದರೆ ಸಾಮಾನ್ಯವಾಗಿ ಕಾಣುವುದು ಒಂದು ಅಚ್ಚುಕಟ್ಟಾದ ಕೋಷ್ಟಕ. ಮೂರು ಸಲ ಮಾಡಿದ ಪ್ರಯೋಗ, ಮೂರು ರೀಡಿಂಗ್, ಮೂರೂ ಒಂದೇ: 10.0, 10.0, 10.0. ಪಕ್ಕದವರ ಪುಸ್ತಕದಲ್ಲೂ ಅದೇ ಇರುವುದು ಅಪರೂಪವೇನಲ್ಲ. ಇದನ್ನು ನಿಖರತೆಯ ಗುರುತೆಂದು ಮೆಚ್ಚುವ ಮೊದಲು ಸ್ವಲ್ಪ ಲೆಕ್ಕ ಹಾಕಬೇಕು. ಕಾಲೇಜುಗಳಲ್ಲಿ ಬಳಸುವ 50 ಮಿಲಿಲೀಟರ್ ಬ್ಯುರೆಟ್ಟಿನಲ್ಲಿ ಗೆರೆಯಿಂದ ಗೆರೆಗೆ 0.1 ಮಿಲಿಲೀಟರ್ ಅಂತರ. ಅದರ ಅರ್ಧವನ್ನು ಕಣ್ಣಂದಾಜಿನಲ್ಲಿ ಓದಬಹುದು. ಮೂತಿಯಿಂದ ಬೀಳುವ ಒಂದು ಹನಿಯ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, 0.05 ಮಿಲಿಲೀಟರ್. ಎಷ್ಟೇ ಪಳಗಿದ ಕೈಯಾದರೂ ಒಂದು ಹನಿ ಆಚೀಚೆ ಆಗಿಯೇ ಆಗುತ್ತದೆ. ಪ್ರತಿ ಸಲವೂ ಒಂದು ಹನಿ ಕಡಿಮೆ, ಸರಿಸಮ, ಒಂದು ಹನಿ ಹೆಚ್ಚು ಎಂಬ ಮೂರರಲ್ಲಿ ಯಾವುದಾದರೊಂದು ಸಮಾನ ಸಾಧ್ಯತೆಯಿಂದ ಬರುತ್ತದೆ ಎಂದಿಟ್ಟುಕೊಳ್ಳೋಣ. ಒಬ್ಬ ವಿದ್ಯಾರ್ಥಿಗೆ ಮೂರೂ ರೀಡಿಂಗ್ ಒಂದೇ ಆಗುವ ಸಂಭವ ಒಂಬತ್ತರಲ್ಲಿ ಒಂದು. 20 ಜನರ ಬ್ಯಾಚಿನಲ್ಲಿ ಎಲ್ಲರಿಗೂ ಹಾಗಾಗಬೇಕೆಂದರೆ ಒಂಬತ್ತನ್ನು ಇಪ್ಪತ್ತು ಸಲ ಗುಣಿಸಿಕೊಂಡು ಹೋಗಬೇಕು. ಸಿಗುವುದು ಇಪ್ಪತ್ತು ಅಂಕಿಗಳ ಸಂಖ್ಯೆ, ಅದರಲ್ಲಿ ಒಂದು ಸಂಭವ. ಎರಡು ರೀಡಿಂಗ್ ಹೊಂದುವವರೆಗೆ ಮತ್ತೆ ಮತ್ತೆ ಮಾಡಬೇಕೆಂಬ ನಿಯಮ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಹೊಂದುವುದೆಂದರೆ 0.1 ಮಿಲಿಲೀಟರಿನ ಒಳಗೆ ಬರುವುದು, ತದ್ರೂಪವಾಗುವುದಲ್ಲ. ಹೊಂದದ ರೀಡಿಂಗುಗಳೂ ಕೋಷ್ಟಕದಲ್ಲಿ ಉಳಿದಿರಬೇಕು.

ಇದನ್ನು ಮಕ್ಕಳ ಅಪ್ರಾಮಾಣಿಕತೆ ಎಂದು ಷರಾ ಬರೆದು ಮುಗಿಸುವುದು ಸುಲಭ, ಆದರೆ ತಪ್ಪು. ಹದಿನೇಳರ ಹುಡುಗ ಹುಡುಗಿಯರು ಅಂಕ ಎಲ್ಲಿದೆ ಎಂಬುದನ್ನು ಚೆನ್ನಾಗಿ ಬಲ್ಲರು, ಅದಕ್ಕೆ ತಕ್ಕಂತೆ ನಡೆಯುತ್ತಾರೆ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕ ಪರೀಕ್ಷೆಗೆ 30 ಅಂಕ. ಸಿಬಿಎಸ್‌ಇ ಹನ್ನೆರಡನೆಯ ತರಗತಿಯಲ್ಲಿ ಆ 30ರ ಹಂಚಿಕೆ ಹೀಗಿದೆ: ಟೈಟ್ರೇಶನ್ 8, ಸಾಲ್ಟ್ ಅನಾಲಿಸಿಸ್ 8, ಪಠ್ಯಾಧಾರಿತ ಪ್ರಯೋಗ 6, ಪ್ರಾಜೆಕ್ಟ್ 4, ರೆಕಾರ್ಡ್ ಮತ್ತು ವೈವಾ ಸೇರಿ 4. ವರ್ಷವಿಡೀ ಬರೆದ ರೆಕಾರ್ಡಿಗೂ ಬಾಯಿಮಾತಿನ ವೈವಾಕ್ಕೂ ಕೂಡಿ ನಾಲ್ಕೇ ಅಂಕ. ಪರೀಕ್ಷೆಯ ದಿನದ ಟೈಟ್ರೇಶನ್ನಿನಲ್ಲಿ ಹೆಚ್ಚು ತೂಕ ಬೀಳುವುದು ಪರೀಕ್ಷಕರ ಬಳಿ ಮೊದಲೇ ಇರುವ ಮೌಲ್ಯಕ್ಕೆ ಉತ್ತರ ಎಷ್ಟು ಹತ್ತಿರ ಬಂತು ಎಂಬುದಕ್ಕೆ. ಇಂಥ ವ್ಯವಸ್ಥೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದವರಿಗೆ ನಷ್ಟ, ಬರಬೇಕಾದದ್ದನ್ನು ಬರೆದವರಿಗೆ ಲಾಭ. ಹಾಗಾಗಿ ಈ ಲೇಖನದ ವಾದ ಇಷ್ಟು: ಪ್ರಯೋಗದ ವರದಿಯನ್ನು ಸರಿ ಉತ್ತರದ ಪುರಾವೆಯಾಗಿ ಅಳೆಯುವುದನ್ನು ಬಿಟ್ಟು, ಆ ದಿನ ಆ ಮೇಜಿನ ಮೇಲೆ ನಡೆದದ್ದರ ಪುರಾವೆಯಾಗಿ ಅಳೆಯಬೇಕು. ವರದಿ ಎಂದರೆ ಮಹಜರು. ಅದನ್ನು ಬರೆಯುವುದು ಸ್ಥಳದಲ್ಲಿ, ಸಾಕ್ಷಿಯ ಸಹಿಯೊಂದಿಗೆ. ಠಾಣೆಗೆ ಹೋಗಿ, ಪ್ರಕರಣ ಹೇಗೆ ಮುಗಿಯಬೇಕೆಂದು ತೀರ್ಮಾನಿಸಿಕೊಂಡು ಬರೆದ ಮಹಜರಿಗೆ ಬೆಲೆಯಿಲ್ಲ.

ನಡೆದದ್ದನ್ನು ಬರೆದರೆ ಸಿಗುವ ಲಾಭವೇನು ಎಂಬುದು ಈ ಪರ್ಮಾಂಗನೇಟ್ ಪ್ರಯೋಗದಲ್ಲೇ ಗೊತ್ತಾಗುತ್ತದೆ. ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಬ್ಯುರೆಟ್ಟಿನಿಂದ ನೇರಳೆ ಬಣ್ಣದ ಪರ್ಮಾಂಗನೇಟನ್ನು ಹನಿಸುತ್ತಾರೆ. ಮೊದಲ ಹನಿಗಳ ಬಣ್ಣ ಮಾಯವಾಗಲು ತಡವಾಗುತ್ತದೆ, ಆಮೇಲೆ ಥಟ್ಟನೆ ಮಾಯವಾಗತೊಡಗುತ್ತದೆ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಕ್ರಿಯೆಯ ವೇಗವನ್ನು ಹೆಚ್ಚಿಸುವುದು ಇದಕ್ಕೆ ಕಾರಣ. ಕೊನೆಗೆ ತಿಳಿ ಗುಲಾಬಿ ಬಣ್ಣ ನಿಂತಲ್ಲಿ ಎಂಡ್ ಪಾಯಿಂಟ್. ಈ ದಾರಿಯಲ್ಲಿ ಆಗಬಹುದಾದ ಒಂದೊಂದು ತಪ್ಪೂ ರೀಡಿಂಗನ್ನು ಒಂದು ನಿರ್ದಿಷ್ಟ ದಿಕ್ಕಿಗೆ ತಳ್ಳುತ್ತದೆ. ಬ್ಯುರೆಟ್ಟನ್ನು ನೀರಿನಲ್ಲಿ ತೊಳೆದು, ಪರ್ಮಾಂಗನೇಟಿನಿಂದ ಜಾಲಿಸದೆ ತುಂಬಿದರೆ ದ್ರಾವಣ ತೆಳುವಾಗಿ ರೀಡಿಂಗ್ ಏರುತ್ತದೆ. ಪಿಪೆಟ್ಟಿನಲ್ಲಿ ನೀರುಳಿದರೆ ಆಕ್ಸಾಲಿಕ್ ಆಮ್ಲ ತೆಳುವಾಗಿ ರೀಡಿಂಗ್ ಇಳಿಯುತ್ತದೆ. ಕೋನಿಕಲ್ ಫ್ಲಾಸ್ಕ್ ಒದ್ದೆಯಿದ್ದರೆ ಮಾತ್ರ ಏನೂ ಆಗದು. ಒಳಗೆ ಬಿದ್ದ ಆಮ್ಲದ ಪ್ರಮಾಣ ಬದಲಾಗುವುದಿಲ್ಲವಲ್ಲ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಉತ್ಕರ್ಷಿಸಿ ಹೆಚ್ಚು ಖರ್ಚಾಗುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಕ. ಅದನ್ನು ಹಾಕಿದರೆ ಖರ್ಚು ತಗ್ಗುತ್ತದೆ. ಆಮ್ಲ ಸಾಲದಿದ್ದರೆ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಕದಡಿಕೊಳ್ಳುತ್ತದೆ. ಕುದಿಸಿಬಿಟ್ಟರೆ ಆಕ್ಸಾಲಿಕ್ ಆಮ್ಲವೇ ಒಡೆಯತೊಡಗುತ್ತದೆ. ಗಾಢ ನೇರಳೆಯಲ್ಲಿ ತಳದ ಬಾಗು ಕಾಣದ್ದರಿಂದ ದ್ರವದ ಮೇಲಂಚನ್ನು ಓದುವುದು ರೂಢಿ. ಒಂದು ಸಲ ಮೇಲಂಚು, ಇನ್ನೊಂದು ಸಲ ಕೆಳಗಿನ ಬಾಗು ಓದಿದರೆ ಅಂಕಿ ಅಲ್ಲೇ ಜಾರುತ್ತದೆ. ಒಬ್ಬಳಿಗೆ 10.4 ಬಂದಿದ್ದರೆ ಆ 0.4ರಲ್ಲಿ ಇಷ್ಟೆಲ್ಲ ರಸಾಯನಶಾಸ್ತ್ರ ಅಡಗಿದೆ. ಅದನ್ನು ಅಳಿಸಿ 10.0 ಎಂದು ಬರೆದಾಗ ಅಳಿಸಿಹೋಗುವುದು ತಪ್ಪು ಮಾತ್ರವಲ್ಲ, ಪಾಠವೂ ಹೌದು. ಎಲ್ಲೂ ಎಡವದ ಪ್ರಯೋಗ ವಿದ್ಯಾರ್ಥಿಯನ್ನು ಯೋಚನೆಗೆ ಹಚ್ಚುವುದಿಲ್ಲ. ಎಡವಿದಾಗಲೇ ಯಾಕೆ ಎಂಬ ಪ್ರಶ್ನೆ ಏಳುತ್ತದೆ, ಉತ್ತರ ಹುಡುಕಲು ಪಠ್ಯಪುಸ್ತಕದ ಸಮೀಕರಣ ಬೇಕಾಗುತ್ತದೆ.

ಕೋಷ್ಟಕದ ಕೆಳಗೆ ಬರುವ ಲೆಕ್ಕದ ಭಾಗದಲ್ಲಿ ಇನ್ನೊಂದು ಬಗೆಯ ಸುಳ್ಳು ನುಸುಳುತ್ತದೆ, ಯಾರೂ ಅದನ್ನು ಸುಳ್ಳೆಂದು ಗುರುತಿಸುವುದೂ ಇಲ್ಲ. 0.05 ಮೋಲಾರ್ ಆಕ್ಸಾಲಿಕ್ ಆಮ್ಲದ 10 ಮಿಲಿಲೀಟರಿಗೆ 0.02 ಮೋಲಾರ್ ಪರ್ಮಾಂಗನೇಟ್ ಸರಿಯಾಗಿ 10 ಮಿಲಿಲೀಟರ್ ಬೇಕು. ರೀಡಿಂಗ್ 10.1 ಬಂದರೆ ಕ್ಯಾಲ್ಕುಲೇಟರ್ 0.01980198 ಎಂದು ತೋರಿಸುತ್ತದೆ. ರೆಕಾರ್ಡಿನಲ್ಲೂ ಅಷ್ಟು ಅಂಕಿಗಳು ಸಾಲಾಗಿ ನಿಲ್ಲುತ್ತವೆ. ಆದರೆ ಬ್ಯುರೆಟ್ಟನ್ನು ಓದುವುದು ಎರಡು ಸಲ, ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಒಂದೊಂದರಲ್ಲೂ 0.05ರ ಅನುಮಾನವಿದ್ದರೆ ಒಟ್ಟು 0.1ರವರೆಗೆ ಹೆಚ್ಚುಕಡಿಮೆ ಆಗಬಹುದು. 10 ಮಿಲಿಲೀಟರಿನಲ್ಲಿ ಅದು ಶೇ 1. ಹಾಗಿದ್ದ ಮೇಲೆ ಪ್ರಾಮಾಣಿಕ ಉತ್ತರ 0.0198, ಅದರ ಕೊನೆಯ ಅಂಕಿಯೂ ಎರಡರಷ್ಟು ಅತ್ತಿತ್ತ ಸರಿದಾಡಬಹುದು. ಉಳಿದ ಅಂಕಿಗಳು ಬಂದದ್ದು ಯಂತ್ರದಿಂದ. ಫ್ಲಾಸ್ಕಿನಲ್ಲಿ ಅವುಗಳಿಗೆ ಆಧಾರವಿಲ್ಲ. ಅನಿಶ್ಚಿತತೆಯನ್ನು ಬರೆಯದ ಅಳತೆ ಅರ್ಧ ಅಳತೆ. ಏಕೆಂದರೆ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸಕ್ಕೆ ಅರ್ಥವಿದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಅದೊಂದೇ.

ಈ ಮಾತಿಗೆ ವಿಜ್ಞಾನದ ಚರಿತ್ರೆಯಲ್ಲಿ ಗಟ್ಟಿಯಾದ ಸಾಕ್ಷಿಯಿದೆ. 1890ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ನೈಟ್ರೋಜನ್ ಅನಿಲದ ಸಾಂದ್ರತೆ ಅಳೆಯುತ್ತಿದ್ದರು. ಗಾಳಿಯಿಂದ ಆಮ್ಲಜನಕ ಮೊದಲಾದವನ್ನು ತೆಗೆದು ಉಳಿಸಿದ ನೈಟ್ರೋಜನ್ ಲೀಟರಿಗೆ 1.2572 ಗ್ರಾಂ ತೂಗಿತು. ಅಮೋನಿಯದಂಥ ಸಂಯುಕ್ತಗಳಿಂದ ತಯಾರಿಸಿದ್ದು 1.2505 ಗ್ರಾಂ. ವ್ಯತ್ಯಾಸ ಶೇ ಅರ್ಧ. ರ‍್ಯಾಲೆ ಎರಡನ್ನೂ ಕೂಡಿಸಿ ಸರಾಸರಿ ತೆಗೆಯಲಿಲ್ಲ, ಒಂದನ್ನು ಕೈಬಿಡಲೂ ಇಲ್ಲ. ವ್ಯತ್ಯಾಸ ಮೊದಲು ಕಂಡಾಗಲೇ, 1892ರಲ್ಲಿ, ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಇದರ ಕಾರಣ ತಮಗೆ ತಿಳಿಯುತ್ತಿಲ್ಲ, ರಸಾಯನಶಾಸ್ತ್ರಜ್ಞರು ಹೇಳಬಲ್ಲರೇ ಎಂದು ಕೇಳಿದರು. ವಿಲಿಯಂ ರ‍್ಯಾಮ್ಸೇ ಜೊತೆಗೂಡಿದರು. 1894ರಲ್ಲಿ ಇಬ್ಬರೂ ಗಾಳಿಯಲ್ಲಿ ಅದುವರೆಗೆ ಯಾರೂ ಗುರುತಿಸದಿದ್ದ ಒಂದು ಅನಿಲವಿದೆಯೆಂದು ಪ್ರಕಟಿಸಿದರು. ಅದೇ ಆರ್ಗಾನ್. 1904ರಲ್ಲಿ ರ‍್ಯಾಲೆಗೆ ಭೌತಶಾಸ್ತ್ರದ, ರ‍್ಯಾಮ್ಸೇಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಇನ್ನೂ ಸ್ವಾರಸ್ಯದ ಸಂಗತಿ ಇದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನದು. 1785ರಲ್ಲಿ ಹೆನ್ರಿ ಕ್ಯಾವೆಂಡಿಷ್ ಗಾಳಿಗೆ ವಿದ್ಯುತ್ ಕಿಡಿ ಹಾಯಿಸಿ ನೈಟ್ರೋಜನ್ನನ್ನೆಲ್ಲ ಸಂಯೋಗಗೊಳಿಸಲು ಹೊರಟಾಗ, ಏನು ಮಾಡಿದರೂ ಕರಗದ ಒಂದು ಚಿಕ್ಕ ಗುಳ್ಳೆ ಉಳಿಯಿತು. ಅದು ನೈಟ್ರೋಜನ್ನಿನ 120ನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲವೆಂದು ಅವರು ಬರೆದಿಟ್ಟರು. ಅದೇನೆಂದು ವಿವರಿಸಲು ಅವರಿಂದ ಆಗಲಿಲ್ಲ. ಆದರೆ ಬರೆದಿಟ್ಟದ್ದರಿಂದಲೇ ಆರ್ಗಾನ್ ಬೆನ್ನು ಹತ್ತಿದವರಿಗೆ ಅದು ದಾರಿ ತೋರಿತು. ರ‍್ಯಾಲೆ ಆ ಪ್ರಯೋಗವನ್ನೇ ಮತ್ತೆ ಮಾಡಿದರು. ಕಾಲೇಜಿನ ಬ್ಯುರೆಟ್ಟಿಗೆ ಶೇ ಅರ್ಧದ ವ್ಯತ್ಯಾಸ ಗೊತ್ತೇ ಆಗದು, ರ‍್ಯಾಲೆಯ ತಕ್ಕಡಿಗೆ ಅದು ಬೆಟ್ಟದಷ್ಟು ದೊಡ್ಡದು. ತನ್ನ ಉಪಕರಣ ಎಲ್ಲಿಯವರೆಗೆ ನಂಬಿಕೆಗೆ ಅರ್ಹವೆಂದು ತಿಳಿದವನಿಗೆ ಮಾತ್ರ ಯಾವ ವ್ಯತ್ಯಾಸದ ಬೆನ್ನು ಹತ್ತಬೇಕೆಂಬುದೂ ತಿಳಿಯುತ್ತದೆ.

ನಮ್ಮ ದೇಶದಲ್ಲೇ ಇಂಥ ಇನ್ನೊಂದು ನಿದರ್ಶನವಿದೆ. 1895ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಪಾದರಸದ ಮೇಲೆ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಮರ್ಕ್ಯುರಸ್ ನೈಟ್ರೇಟ್ ತಯಾರಿಸುತ್ತಿದ್ದರು. ನಿರೀಕ್ಷಿಸಿರದ ಹಳದಿ ಹರಳುಗಳು ಕಾಣಿಸಿಕೊಂಡವು. ಮೊದಲ ನೋಟಕ್ಕೆ ಅದೊಂದು ಬೇಸಿಕ್ ಲವಣ ಅನ್ನಿಸಿತು. ಆದರೆ ಅಷ್ಟು ಆಮ್ಲವಿರುವ ದ್ರಾವಣದಲ್ಲಿ ಬೇಸಿಕ್ ಲವಣ ಹುಟ್ಟುವುದು ರೂಢಿಯ ಅನುಭವಕ್ಕೆ ವಿರುದ್ಧವಾಗಿತ್ತು. ಆ ವಿರೋಧವನ್ನು ಅವರು ಬದಿಗೆ ಸರಿಸಲಿಲ್ಲ. ಹರಳುಗಳನ್ನು ವಿಶ್ಲೇಷಿಸಿ ಅದು ಮರ್ಕ್ಯುರಸ್ ನೈಟ್ರೈಟ್ ಎಂದು ಕಂಡುಕೊಂಡರು, 1896ರಲ್ಲಿ ಪ್ರಕಟಿಸಿದರು. ನೈಟ್ರೈಟ್‌ಗಳ ಮೇಲಿನ ಅವರ ದೀರ್ಘ ಸಂಶೋಧನೆಗೆ ಅದೇ ಬುನಾದಿಯಾಯಿತು. ಅದೇ ಹಳದಿ ಹರಳು ಇಂದಿನ ಯಾವುದೋ ಕಾಲೇಜಿನ ಮೇಜಿನ ಮೇಲೆ ಕಾಣಿಸಿಕೊಂಡರೆ ಅದಕ್ಕೆ ರೆಕಾರ್ಡಿನಲ್ಲಿ ಜಾಗ ಸಿಗುವುದು ಅನುಮಾನ. ಮಾದರಿ ರೆಕಾರ್ಡಿನಲ್ಲಿ ಹಳದಿ ಹರಳಿನ ಮಾತಿಲ್ಲ, ಆದ್ದರಿಂದ ಪುಸ್ತಕದಲ್ಲೂ ಇರುವುದಿಲ್ಲ.

ದೊಡ್ಡ ವಿಜ್ಞಾನಿಗಳೆಲ್ಲ ಕಂಡದ್ದನ್ನು ಬರೆದರು, ಮಕ್ಕಳಷ್ಟೇ ಬರೆಯುವುದಿಲ್ಲ ಎಂದರೆ ಅದು ಅನ್ಯಾಯ. ಉತ್ತರ ಮೊದಲೇ ಗೊತ್ತಿದ್ದಾಗ ಎಂಥ ಕಣ್ಣೂ ಅತ್ತಲೇ ವಾಲುತ್ತದೆ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆ ಹನಿಗಳಿಂದ ಅಳೆದ ಅಮೆರಿಕದ ರಾಬರ್ಟ್ ಮಿಲಿಕನ್ 1913ರ ಪ್ರಬಂಧದಲ್ಲಿ 58 ಹನಿಗಳ ಫಲಿತಾಂಶ ಕೊಟ್ಟು, ಇವು ಆರಿಸಿದ ಹನಿಗಳಲ್ಲ ಎಂದು ಹೇಳಿದರು. ಅವರ ನೋಟ್‌ಬುಕ್ಕುಗಳಲ್ಲಿ ಅದಕ್ಕಿಂತ ಹೆಚ್ಚು ಹನಿಗಳಿರುವುದು ಇತಿಹಾಸಕಾರರಿಗೆ ಆಮೇಲೆ ಸಿಕ್ಕಿತು. ಗಾಳಿಯ ಸ್ನಿಗ್ಧತೆಗೆ ಅವರು ಬಳಸಿದ ಮೌಲ್ಯ ತುಸು ತಪ್ಪಾಗಿದ್ದರಿಂದ ಉತ್ತರ ಸ್ವಲ್ಪ ಕಡಿಮೆ ಬಂದಿತ್ತು. ಮುಂದೆ ಅಳೆದವರ ಮೌಲ್ಯಗಳು ಒಮ್ಮೆಗೇ ಸರಿಯಾದ ಜಾಗಕ್ಕೆ ನೆಗೆಯಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿದವು ಎಂದು ರಿಚರ್ಡ್ ಫೈನ್‌ಮನ್ 1974ರಲ್ಲಿ ಕ್ಯಾಲ್‌ಟೆಕ್‌ನ ಪದವಿ ಪ್ರದಾನ ಭಾಷಣದಲ್ಲಿ ಎತ್ತಿ ತೋರಿಸಿದರು. ಅವರ ವಿವರಣೆ ಸರಳ: ಮಿಲಿಕನ್ನರ ಸಂಖ್ಯೆಗಿಂತ ತುಂಬ ಹೆಚ್ಚು ಬಂದಾಗ ಜನ ತಪ್ಪು ಎಲ್ಲಿದೆಯೆಂದು ಹುಡುಕಿದರು, ಹತ್ತಿರ ಬಂದಾಗ ಹುಡುಕಲಿಲ್ಲ. ಪಳಗಿದ ಸಂಶೋಧಕರ ಪಾಡೇ ಹೀಗಿದ್ದರೆ ಹದಿನೇಳರ ವಿದ್ಯಾರ್ಥಿಗೆ ಪ್ರಾಮಾಣಿಕತೆಯ ಉಪದೇಶವೊಂದೇ ಸಾಲದು. ವಾಲುವ ಕಣ್ಣನ್ನು ಹಿಡಿದು ನಿಲ್ಲಿಸುವ ಏರ್ಪಾಡು ಬೇಕು, ಅದು ಅಂಕ ಕೊಡುವ ಕ್ರಮದಲ್ಲೇ ಇರಬೇಕು.

ಸಾಲ್ಟ್ ಅನಾಲಿಸಿಸ್‌ನಲ್ಲಿ ಈ ವಾಲಿಕೆ ಇನ್ನೂ ಢಾಳಾಗಿ ಕಾಣುತ್ತದೆ. ಕ್ರಮ ಹಳೆಯದು, ಜರ್ಮನಿಯ ಫ್ರೆಸೀನಿಯಸ್ 1841ರಲ್ಲಿ ತಂದ ಗುಣಾತ್ಮಕ ವಿಶ್ಲೇಷಣೆಯ ಪುಸ್ತಕದ ಪರಂಪರೆಯದು. ಏನೆಂದು ಗೊತ್ತಿಲ್ಲದ ವಸ್ತುವನ್ನು ಗುಂಪು ಗುಂಪಾಗಿ ಜರಡಿಯಾಡಿ ಗುರುತಿಸುವುದು ಅದರ ಉದ್ದೇಶ. ರೆಕಾರ್ಡಿನ ಮೂರು ಕಾಲಂಗಳು, ಪ್ರಯೋಗ, ವೀಕ್ಷಣೆ, ತೀರ್ಮಾನ, ಅದೇ ತರ್ಕಕ್ಕೆ ಹೊಲಿದ ಅಂಗಿ. ಎಡದಿಂದ ಬಲಕ್ಕೆ ಬರೆಯಬೇಕಾದ ಈ ಕೋಷ್ಟಕವನ್ನು ಬಹಳ ಮಂದಿ ಬಲದಿಂದ ಎಡಕ್ಕೆ ಬರೆಯುತ್ತಾರೆ. ಕೊಟ್ಟದ್ದು ಯಾವ ಸಾಲ್ಟ್ ಎಂದು ಹೇಗೋ ಗೊತ್ತು ಮಾಡಿಕೊಂಡರೆ ವೀಕ್ಷಣೆಗಳನ್ನು ಗೈಡಿನಿಂದ ತುಂಬಬಹುದು. ಆದರೆ ಈ ಪ್ರಯೋಗದ ಬೆಲೆಯಿರುವುದೇ ಕಣ್ಣಿಗೂ ತೀರ್ಮಾನಕ್ಕೂ ನಡುವಿನ ಅಂತರದಲ್ಲಿ. ಅಲ್ಯೂಮಿನಿಯಂ ಮತ್ತು ಸತು ಎರಡರ ಹೈಡ್ರಾಕ್ಸೈಡುಗಳೂ ಲೋಳೆಯಂಥ ಬಿಳಿ ಒತ್ತರಗಳು. ಹೆಚ್ಚುವರಿ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಎರಡೂ ಕರಗುತ್ತವೆ. ಹೆಚ್ಚುವರಿ ಅಮೋನಿಯದಲ್ಲಿ ಸತುವಿನದು ಕರಗುತ್ತದೆ, ಅಲ್ಯೂಮಿನಿಯಂನದು ಉಳಿಯುತ್ತದೆ. ಬಿಳಿ ಒತ್ತರ ಎಂದು ಬರೆದು ನೇರ ಅಲ್ಯೂಮಿನಿಯಂ ಎಂದು ಹಾರಿದ ವಿದ್ಯಾರ್ಥಿಯ ಉತ್ತರ ಸರಿಯಿದ್ದರೂ ತರ್ಕ ಕುಂಟಾಗಿದೆ. ಜ್ವಾಲಾ ಪರೀಕ್ಷೆಯಲ್ಲಿ ಹಳದಿ ಕಂಡೊಡನೆ ಸೋಡಿಯಂ ಎಂದು ಬರೆಯುವುದೂ ಹಾಗೆಯೇ. ಬೆರಳಿನ ಬೆವರಿನಿಂದ ತಂತಿಗೆ ಅಂಟಿದ ಸೋಡಿಯಂ ಕೂಡ ಹಳದಿ ಉರಿಸುತ್ತದೆ, ಕ್ಯಾಲ್ಸಿಯಂನ ಇಟ್ಟಿಗೆ ಕೆಂಪನ್ನು ಮರೆಮಾಡುತ್ತದೆ. ‘ಹಳದಿ ಕಂಡಿತು, ತಂತಿಯನ್ನು ಆಮ್ಲದಲ್ಲಿ ಅದ್ದಿ ಮತ್ತೆ ಉರಿಸಿದಾಗ ಇಟ್ಟಿಗೆ ಕೆಂಪು ಕಂಡಿತು’ ಎಂಬ ಎರಡು ಸಾಲು, ನೇರವಾಗಿ ‘ಇಟ್ಟಿಗೆ ಕೆಂಪು’ ಎಂದು ಬರೆದ ಒಂದು ಸಾಲಿಗಿಂತ ಹೆಚ್ಚು ಅಂಕಕ್ಕೆ ಅರ್ಹ. ಈಗಿನ ಪದ್ಧತಿಯಲ್ಲಿ ಎರಡಕ್ಕೂ ಒಂದೇ ಬೆಲೆ.

ಇನ್ನು ರಫ್ ಮತ್ತು ಫೇರ್ ಎಂಬ ನಮ್ಮ ಜೋಡಿ ಪದ್ಧತಿ. ಲ್ಯಾಬಿನಲ್ಲಿ ಯಾವುದೋ ಹಾಳೆಯ ಮೇಲೆ ಗೀಚಿಕೊಂಡು, ಮನೆಯಲ್ಲಿ ಕುಳಿತು, ಬಲಪುಟದಲ್ಲಿ ಶಾಯಿ, ಎಡಪುಟದಲ್ಲಿ ಪೆನ್ಸಿಲ್ಲಿನ ಚಿತ್ರ ಎಂದು ಅಂದವಾಗಿ ಬರೆದು ತರುವುದು ಒಳ್ಳೆಯ ವಿದ್ಯಾರ್ಥಿಯ ಲಕ್ಷಣವೆನಿಸಿದೆ. ಇದೇ ವಿದ್ಯಾರ್ಥಿ ಮುಂದೆ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಸುತ್ತಮುತ್ತಲ ಔಷಧ ಕಾರ್ಖಾನೆಯೊಂದರ ಗುಣಮಟ್ಟ ನಿಯಂತ್ರಣ ಪ್ರಯೋಗಾಲಯಕ್ಕೆ ಸೇರಿದರೆ ಮೊದಲ ವಾರದಲ್ಲೇ ಈ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಔಷಧ ನಿಯಂತ್ರಕರು ದತ್ತಾಂಶಕ್ಕೆ ಐದು ಲಕ್ಷಣಗಳನ್ನು ಕೇಳುತ್ತಾರೆ: ಬರೆದವರು ಯಾರೆಂದು ತಿಳಿಯಬೇಕು, ಓದಲು ಬರಬೇಕು, ಕೆಲಸ ನಡೆದ ಹೊತ್ತಿನಲ್ಲೇ ಬರೆದದ್ದಾಗಿರಬೇಕು, ಮೂಲ ಪ್ರತಿಯಾಗಿರಬೇಕು, ನಿಖರವಾಗಿರಬೇಕು. ಬಿಡಿ ಹಾಳೆಯಲ್ಲಿ ಬರೆದು, ನೋಟ್‌ಬುಕ್ಕಿಗೆ ನಕಲಿಳಿಸಿ, ಹಾಳೆಯನ್ನು ಎಸೆಯುವುದು ಒಪ್ಪತಕ್ಕದ್ದಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2018ರ ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುತ್ತದೆ. ತಪ್ಪಾದರೆ ವೈಟ್ನರ್ ಬಳಿಯುವಂತಿಲ್ಲ; ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ದಿನಾಂಕ, ಕಾರಣ ಹಾಕಬೇಕು. ಆ ಅಂಕಿಯ ಆಧಾರದ ಮೇಲೆ ಯಾರೋ ಒಬ್ಬರು ಮಾತ್ರೆ ನುಂಗಲಿದ್ದಾರೆ ಎಂಬುದು ಇಷ್ಟು ಕಟ್ಟುನಿಟ್ಟಿಗೆ ಕಾರಣ. ಕಾಲೇಜಿನಲ್ಲಿ ಅಂದಕ್ಕೆ ಶಹಭಾಸ್ ಪಡೆದ ರೂಢಿ ಅಲ್ಲಿ ಅಪರಾಧವಾಗುತ್ತದೆ.

ಹಾಗಾದರೆ ಏನಕ್ಕೆ ಅಂಕ ಕೊಡಬೇಕು? ಮೊದಲನೆಯದು ಮೂಲ ದತ್ತಾಂಶ. ಪುಟಸಂಖ್ಯೆ ಮುದ್ರಿತವಾಗಿರುವ ಒಂದೇ ಪುಸ್ತಕ, ಅದರಲ್ಲಿ ಲ್ಯಾಬಿನಲ್ಲೇ ಪೆನ್ನಿನಿಂದ ಬರೆದ ರೀಡಿಂಗುಗಳು, ಅವಧಿ ಮುಗಿಯುವ ಮುನ್ನ ಉಪನ್ಯಾಸಕರ ಸಹಿ. ಉಪನ್ಯಾಸಕರು ಆಗ ಉತ್ತರವನ್ನು ತಿದ್ದಬೇಕಿಲ್ಲ, ಕೋಷ್ಟಕ ಅಲ್ಲೇ ಹುಟ್ಟಿದೆ ಎಂದು ಸಾಕ್ಷಿ ಹಾಕಿದರೆ ಸಾಕು. ಎರಡನೆಯದು ರೀಡಿಂಗುಗಳ ಹರವು. ಮೂರು ನಿಜವಾದ ರೀಡಿಂಗ್ 0.1ರ ಒಳಗೆ ಬಂದರೆ ಅದು ಕೈಚಳಕಕ್ಕೆ ಪುರಾವೆ. ಒಂದು ಹೊರಗೆ ಹೋಗಿ, ಅದು ಯಾಕೆ ಹೋಯಿತೆಂದು ಬರೆದಿದ್ದರೆ ಅದೂ ಅಂಕಕ್ಕೆ ಅರ್ಹ. ಮೂರನೆಯದು ಫಲಿತಾಂಶ ಮತ್ತು ಅದರ ಅನಿಶ್ಚಿತತೆ, ಕ್ಯಾಲ್ಕುಲೇಟರಿನ ಬಾಲ ಕತ್ತರಿಸಿ. ನಾಲ್ಕನೆಯದೇ ಎಲ್ಲಕ್ಕಿಂತ ತೂಕದ್ದು, ಐದಾರು ಸಾಲಿನ ಚರ್ಚೆ: ಉತ್ತರ ನಿರೀಕ್ಷೆಗಿಂತ ಹೆಚ್ಚು ಬಂತೋ ಕಡಿಮೆ ಬಂತೋ, ಆ ದಿಕ್ಕಿಗೆ ತಳ್ಳಬಲ್ಲ ಕಾರಣ ಯಾವುದು, ಮತ್ತೆ ಮಾಡಿದರೆ ಏನನ್ನು ಬದಲಿಸಬೇಕು. ‘ಮಾನವ ದೋಷದಿಂದ ವ್ಯತ್ಯಾಸ ಬಂತು’ ಎಂಬ ಸಿದ್ಧ ವಾಕ್ಯಕ್ಕೆ ಸೊನ್ನೆ. ‘ಪಿಪೆಟ್ಟನ್ನು ಆಮ್ಲದಿಂದ ಜಾಲಿಸಿರಲಿಲ್ಲ, ಆದ್ದರಿಂದ ರೀಡಿಂಗ್ ಕಡಿಮೆ ಬಂದಿರಬಹುದು’ ಎಂಬುದಕ್ಕೆ ಪೂರ್ಣ ಅಂಕ. ಉದ್ದೇಶ, ತತ್ವ, ವಿಧಾನ ಮುದ್ರಿತ ಕೈಪಿಡಿಯಲ್ಲೇ ಇವೆ. ಅವನ್ನು ಪುಟಗಟ್ಟಲೆ ನಕಲು ಮಾಡಿಸುವುದನ್ನು ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ.

ಮೊದಲ ಆಕ್ಷೇಪ ಬಲವಾದದ್ದು: ರಸಾಯನಶಾಸ್ತ್ರದಲ್ಲಿ ಸರಿ ಉತ್ತರಕ್ಕೆ ಬೆಲೆಯೇ ಇಲ್ಲವೇ? ಕುಡಿಯುವ ನೀರಿನ ಫ್ಲೋರೈಡ್ ಅಳೆಯುವವರು ತಪ್ಪಾಗಿ ಅಳೆದು, ಚಂದದ ಚರ್ಚೆ ಬರೆದರೆ ಊರಿಗೇನು ಲಾಭ? ಮಾತು ನಿಜ, ನಿಖರತೆಗೆ ಅಂಕ ಇರಲೇಬೇಕು. ಆದರೆ ಇಡೀ ಬ್ಯಾಚಿಗೆ ಒಂದೇ ದ್ರಾವಣ ಕೊಟ್ಟರೆ ಪರೀಕ್ಷೆಯಾಗುವುದು ನಿಖರತೆಯಲ್ಲ, ಅಕ್ಕಪಕ್ಕದ ಸ್ನೇಹ. ನಾಲ್ಕೈದು ಬೇರೆ ಬೇರೆ ಸಾಂದ್ರತೆಯ ದ್ರಾವಣಗಳನ್ನು ಮಾಡಿ, ಸೀಸೆಗೆ ಸಂಕೇತ ಸಂಖ್ಯೆ ಅಂಟಿಸಿ ಹಂಚಿದರೆ ಪಕ್ಕದವರ ರೀಡಿಂಗ್ ಉಪಯೋಗಕ್ಕೆ ಬಾರದು; ಆಗ ಸಿಗುವ ಸರಿ ಉತ್ತರ ನಿಜವಾಗಿಯೂ ಕೈಯಿಂದ ಬಂದದ್ದು. ಅದಲ್ಲದೆ, ಸುಳ್ಳು ರೀಡಿಂಗ್ ಬರೆಯಲು ಕಾರಣವೇ ಇಲ್ಲದಾಗ ನಿಖರತೆ ತಾನಾಗಿ ಸುಧಾರಿಸುತ್ತದೆ. ತನ್ನ ಎಂಡ್ ಪಾಯಿಂಟ್ ಪ್ರತಿ ಸಲವೂ ದಾಟಿಹೋಗುತ್ತಿದೆ ಎಂದು ಕೋಷ್ಟಕದಲ್ಲಿ ಕಂಡವಳು ಮುಂದಿನ ಸಲ ಹನಿಯನ್ನು ನಿಧಾನ ಮಾಡುತ್ತಾಳೆ. ಕೋಷ್ಟಕದಲ್ಲಿ ಎಲ್ಲವೂ 10.0 ಎಂದಿದ್ದರೆ ಏನನ್ನು ತಿದ್ದಿಕೊಳ್ಳಬೇಕೆಂದು ಅವಳಿಗೆ ತಿಳಿಯುವುದಾದರೂ ಹೇಗೆ?

ಎರಡನೆಯ ಆಕ್ಷೇಪ ಉಪನ್ಯಾಸಕರದು: ಬ್ಯಾಚಿನ ಮೇಲೆ ಬ್ಯಾಚು, ಮೇಜಿಗೆ ಇಬ್ಬರು ಮೂವರು, ಪಾಠ ಮುಗಿಸುವ ಒತ್ತಡ, ಒಬ್ಬೊಬ್ಬರ ಚರ್ಚೆಯನ್ನು ಓದುತ್ತ ಕೂರಲು ಸಮಯವೆಲ್ಲಿ? ಇದನ್ನು ನೆಪವೆಂದು ತಳ್ಳಿಹಾಕುವಂತಿಲ್ಲ. ಆದರೆ ನಕಲಾದ ತತ್ವ ಮತ್ತು ವಿಧಾನದ ಪುಟಗಳಿಗೆ ಟಿಕ್ ಹಾಕುವುದೂ ಸಮಯ ತಿನ್ನುವ ಕೆಲಸವೇ, ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಪುಟಗಳು ಕಡಿಮೆಯಾದರೆ ಓದುವುದೂ ಕಡಿಮೆ. ಎಲ್ಲ ಪ್ರಯೋಗಗಳ ದತ್ತಾಂಶಕ್ಕೆ ಸಹಿ ಹಾಕಿ, ಚರ್ಚೆಯನ್ನು ಮಾತ್ರ ವರ್ಷಕ್ಕೆ ಮೂರೋ ನಾಲ್ಕೋ ವರದಿಗಳಲ್ಲಿ ಆಳವಾಗಿ ಓದಿದರೂ ಸಾಕು. ಯಾವ ವರದಿ ಎಂದು ಮೊದಲೇ ಹೇಳದಿದ್ದರೆ ಎಲ್ಲವನ್ನೂ ಜೋಪಾನವಾಗಿ ಬರೆಯುತ್ತಾರೆ. ಇನ್ನು ತರಗತಿಯ 20 ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆದು ಹತ್ತು ನಿಮಿಷ ಮಾತಾಡಿದರೆ ಅದೇ ಒಂದು ಮೌಲ್ಯಮಾಪನ: ಯಾವುದು ಗುಂಪಿನಿಂದ ದೂರ ನಿಂತಿದೆ, ಏಕೆ ಎಂಬುದು ಎಲ್ಲರ ಕಣ್ಣೆದುರಿಗೆ ಬರುತ್ತದೆ.

ಮೂರನೆಯದು ಭಾಷೆಯ ಪ್ರಶ್ನೆ, ಕರ್ನಾಟಕದಲ್ಲಿ ಇದು ಸಣ್ಣದಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದೊಡನೆ ಇಂಗ್ಲಿಷಿಗೆ ಜಿಗಿಯಬೇಕಾದ ಮಕ್ಕಳು ರೆಕಾರ್ಡನ್ನು ನಕಲು ಮಾಡುವುದಕ್ಕೆ ಸೋಮಾರಿತನ ಕಾರಣವಲ್ಲ, ತಮ್ಮ ಇಂಗ್ಲಿಷ್ ವಾಕ್ಯ ತಪ್ಪಾದೀತೆಂಬ ಅಂಜಿಕೆ. ಮಾದರಿ ರೆಕಾರ್ಡಿನ ಕರ್ಮಣಿ ಪ್ರಯೋಗದ ವಾಕ್ಯಗಳು ಅವರಿಗೆ ಆಸರೆ. ಅಂಥವರಿಂದ ಸ್ವಂತ ಚರ್ಚೆ ಕೇಳಿದರೆ ಅನ್ಯಾಯವಾಗದೇ? ಇಂಗ್ಲಿಷಿನಲ್ಲೇ ಕೇಳಿದರೆ ಆಗುತ್ತದೆ. ಆದರೆ ‘ಮೊದಲು ಬಿಳಿ ಒತ್ತರ ಬಂತು, ಗಾಳಿಗೆ ಬಿಟ್ಟಾಗ ಕಂದಾಯಿತು’ ಎಂದು ಕನ್ನಡದಲ್ಲೇ ಬರೆದರೆ ಮ್ಯಾಂಗನೀಸ್ ಇದೆಯೆಂಬ ಸುಳಿವಿಗೆ ಅದೇನು ಕಡಿಮೆ ಪುರಾವೆಯೇ? ವೀಕ್ಷಣೆ ಮತ್ತು ಚರ್ಚೆಯನ್ನು ಕನ್ನಡದಲ್ಲೋ ಎರಡೂ ಭಾಷೆ ಬೆರೆಸಿಯೋ ಬರೆಯಲು ಬಿಟ್ಟು, ಅಂಕವನ್ನು ವ್ಯಾಕರಣಕ್ಕೆ ಕಟ್ಟದೆ ತರ್ಕಕ್ಕೆ ಕಟ್ಟಿದರೆ, ಇಲ್ಲಿಯವರೆಗೆ ನಕಲಿನ ಹಿಂದೆ ಅಡಗಿದ್ದ ಎಷ್ಟೋ ಚುರುಕು ಕಣ್ಣುಗಳು ಹೊರಬರುತ್ತವೆ. ವೈಜ್ಞಾನಿಕ ಇಂಗ್ಲಿಷನ್ನು ಪದವಿಯ ಹೊತ್ತಿಗೆ ಕಲಿಯಬಹುದು. ನೋಡುವ ಅಭ್ಯಾಸವನ್ನು ಅಷ್ಟು ತಡವಾಗಿ ಕಲಿಸುವುದು ಕಷ್ಟ.

ಕೊನೆಯ ಆಕ್ಷೇಪ ವ್ಯವಹಾರದ್ದು. ಸಿಇಟಿ, ನೀಟ್ ಎಲ್ಲವೂ ಬಹು ಆಯ್ಕೆಯ ಪರೀಕ್ಷೆಗಳು, ಬ್ಯುರೆಟ್ ಹಿಡಿದ ಕೈಯನ್ನು ಅವು ಅಳೆಯುವುದಿಲ್ಲ. ಮೇಲಾಗಿ ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಕ್ಷಣಾರ್ಧದಲ್ಲಿ ಇಡೀ ವರದಿ ಬರೆದುಕೊಡುತ್ತದೆ, ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ? ಎರಡನೆಯ ಮಾತು ಈ ವಾದವನ್ನೇ ಬಲಪಡಿಸುತ್ತದೆ. ತತ್ವ, ವಿಧಾನಗಳನ್ನು ಯಂತ್ರ ಸೊಗಸಾಗಿ ಬರೆಯಬಲ್ಲದು, ಆದ್ದರಿಂದ ಅವಕ್ಕೆ ಅಂಕ ಕೊಡುವುದರಲ್ಲಿ ಅರ್ಥ ಉಳಿದಿಲ್ಲ. ಅವಧಿ ಮುಗಿಯುವ ಮುನ್ನ ಸಹಿ ಬಿದ್ದ ಕೋಷ್ಟಕವನ್ನು ಅದು ಬರೆದುಕೊಡಲಾರದು, ಆ ಕೋಷ್ಟಕದ ಬಗ್ಗೆ ವೈವಾದಲ್ಲಿ ಎದುರು ಕುಳಿತು ಉತ್ತರಿಸಲಾರದು. ಮೊದಲ ಮಾತಿಗೆ ಉತ್ತರ, ಇಲ್ಲಿ ಬೆಳೆಯುವುದು ಕೈ ಮಾತ್ರವಲ್ಲ ಎಂಬುದು. ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಟಾಷಾ ಹೋಮ್ಸ್, ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಮತ್ತು ಡಗ್ ಬಾನ್ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳತೆಗಳನ್ನು ಅನಿಶ್ಚಿತತೆಯೊಂದಿಗೆ ಹೋಲಿಸಿ, ಸುಧಾರಿಸಿ ಮತ್ತೆ ಅಳೆಯಿರಿ ಎಂದು ಒಂದು ಗುಂಪಿಗೆ ಮತ್ತೆ ಮತ್ತೆ ಹೇಳಲಾಯಿತು. ಆಮೇಲೆ ಹಾಗೆ ಹೇಳುವುದನ್ನು ನಿಲ್ಲಿಸಿದಾಗಲೂ, ತಾವಾಗಿಯೇ ವಿಧಾನವನ್ನು ಸುಧಾರಿಸುವ ಪ್ರವೃತ್ತಿ ಆ ವಿದ್ಯಾರ್ಥಿಗಳಲ್ಲಿ ಇನ್ನೊಂದು ಗುಂಪಿಗಿಂತ 12 ಪಟ್ಟು ಹೆಚ್ಚಿತ್ತು. ಮರುವರ್ಷದ ಬೇರೊಂದು ಪ್ರಯೋಗಾಲಯದಲ್ಲೂ ಅದರ ಗುರುತು ಉಳಿದಿತ್ತು. ವಿಷಯ ಭೌತಶಾಸ್ತ್ರವಾದರೂ ಪಾಠ ಎಲ್ಲ ಪ್ರಯೋಗಾಲಯಕ್ಕೂ ಹೊಂದುತ್ತದೆ: ವಿದ್ಯಾರ್ಥಿಗಳು ಹೇಗೆ ಯೋಚಿಸುತ್ತಾರೆಂಬುದು ನಾವು ಅವರಿಂದ ಏನು ಕೇಳುತ್ತೇವೆ ಎಂಬುದನ್ನು ಅವಲಂಬಿಸಿದೆ.

ಈ ಬದಲಾವಣೆಗೆ ಹೊಸ ಉಪಕರಣ ಬೇಡ, ಹೊಸ ಕಟ್ಟಡ ಬೇಡ, ಪಠ್ಯಕ್ರಮದಲ್ಲಿ ಒಂದು ಪ್ರಯೋಗವನ್ನೂ ಸೇರಿಸಬೇಕಿಲ್ಲ. ಬೇಕಾದದ್ದು 30 ಅಂಕಗಳ ಮರುಹಂಚಿಕೆ ಮತ್ತು ಪರೀಕ್ಷಕರಿಗೊಂದು ಸ್ಪಷ್ಟ ಸೂಚನೆ: ಸಹಿಯಿರುವ ಮೂಲ ದತ್ತಾಂಶದಿಂದ ತರ್ಕಬದ್ಧವಾಗಿ ಹೊರಟ ಉತ್ತರ ನಿಮ್ಮ ಮೌಲ್ಯಕ್ಕಿಂತ ದೂರವಿದ್ದರೆ ನಿಖರತೆಯ ಅಂಕವನ್ನಷ್ಟೇ ಕಳೆಯಿರಿ, ಉಳಿದದ್ದನ್ನು ಮುಟ್ಟಬೇಡಿ, ಮೌಲ್ಯಕ್ಕೆ ಹತ್ತಿರವಿದ್ದೂ ದತ್ತಾಂಶದ ಆಧಾರವಿಲ್ಲದಿದ್ದರೆ ಏನನ್ನೂ ಕೊಡಬೇಡಿ. ಪಿಯುಸಿ ವಿಜ್ಞಾನ ಓದುವವರಲ್ಲಿ ಹೆಚ್ಚಿನವರು ರಸಾಯನಶಾಸ್ತ್ರಜ್ಞರಾಗುವುದಿಲ್ಲ, ಬ್ಯುರೆಟ್ಟನ್ನು ಮತ್ತೆಂದೂ ಮುಟ್ಟುವುದಿಲ್ಲ. ಆದರೆ ವೈದ್ಯರಾಗಿ ಕೇಸ್ ಶೀಟ್, ಎಂಜಿನಿಯರಾಗಿ ಅಳತೆ ಪುಸ್ತಕ, ಅಧಿಕಾರಿಯಾಗಿ ಬೆಳೆ ಹಾನಿಯ ಸಮೀಕ್ಷೆ ಬರೆಯುವವರು ಅವರೇ. ಮೇಲಿನವರು ನಿರೀಕ್ಷಿಸುವ ಸಂಖ್ಯೆಯೊಂದು, ಎದುರಿಗೆ ಕಂಡ ಸಂಖ್ಯೆ ಇನ್ನೊಂದು ಆಗುವ ದಿನ ಅವರೆಲ್ಲರಿಗೂ ಬರುತ್ತದೆ. ಅಂದು ಯಾವುದನ್ನು ಬರೆಯಬೇಕೆಂಬುದರ ಮೊದಲ ತರಬೇತಿ ಹದಿನೇಳನೆಯ ವಯಸ್ಸಿನ ರೆಕಾರ್ಡ್ ಪುಸ್ತಕದಲ್ಲಿ ಆಗುತ್ತದೆ. ಈಗ ನಾವು ಅಂಕ ಕೊಟ್ಟು ರೂಢಿ ಮಾಡಿಸುತ್ತಿರುವುದು ಮೊದಲನೆಯದನ್ನು.